ಸಿಂಧನೂರಿನ ಪದವಿ ವಿದ್ಯಾರ್ಥಿಗಳಿಗೆ ನಿಜವಾದ ಇಂಟರ್ನ್‌ಶಿಪ್ ಎಲ್ಲಿ ಸಿಕ್ಕೀತು?

ಪ್ರಶ್ನೆ: ವಾಣಿಜ್ಯ ಉಪನ್ಯಾಸಕಿ, ಸಿಂಧನೂರು

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರು ತಾಲ್ಲೂಕಿನ ಪದವಿ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಈ ವರ್ಷದಿಂದ ಪ್ಲೇಸ್‌ಮೆಂಟ್ ಸೆಲ್‌ನ ಹೊಣೆಯನ್ನೂ ನನಗೆ ವಹಿಸಿದ್ದಾರೆ. ಬಿ.ಕಾಂ., ಬಿ.ಸಿ.ಎ. ಮತ್ತು ಬಿ.ಎಸ್‌ಸಿ. ಸೇರಿ ಅಂತಿಮ ವರ್ಷದಲ್ಲಿ ಸುಮಾರು ನೂರಿಪ್ಪತ್ತು ವಿದ್ಯಾರ್ಥಿಗಳಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹೆಣ್ಣುಮಕ್ಕಳು, ಮುಕ್ಕಾಲು ಪಾಲು ಮಕ್ಕಳು ಸುತ್ತಲಿನ ಹಳ್ಳಿ ಮತ್ತು ಕ್ಯಾಂಪುಗಳಿಂದ ಬಸ್ಸಿನಲ್ಲಿ ಬಂದು ಹೋಗುವವರು.

ಹೊಣೆ ವಹಿಸಿಕೊಂಡ ಮೊದಲ ವಾರ ಹಿಂದಿನ ವರ್ಷದ ಕಡತವನ್ನು ತೆಗೆದು ನೋಡಿದೆ. ಅದರಲ್ಲಿ ಒಂದೇ ಆನ್‌ಲೈನ್ ಸಂಸ್ಥೆ ಕೊಟ್ಟ ನಲವತ್ತಕ್ಕೂ ಹೆಚ್ಚು ಇಂಟರ್ನ್‌ಶಿಪ್ ಪ್ರಮಾಣಪತ್ರಗಳಿದ್ದವು. ಹೆಸರೊಂದನ್ನು ಬಿಟ್ಟರೆ ಎಲ್ಲದರಲ್ಲೂ ಒಂದೇ ಒಕ್ಕಣೆ, ಒಂದೇ ಸಹಿ, ಒಂದೇ ದಿನಾಂಕ. ಆ ತಂಡದಲ್ಲಿದ್ದ ಹುಡುಗಿಯೊಬ್ಬಳು ಅಂಕಪಟ್ಟಿಗಾಗಿ ಕಾಲೇಜಿಗೆ ಬಂದಾಗ ಏನು ಕೆಲಸ ಮಾಡಿದೆ ಎಂದು ಕೇಳಿದೆ. ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು: "ಕೆಲಸ ಏನೂ ಇರಲಿಲ್ಲ ಮೇಡಂ. 1500 ರೂಪಾಯಿ ಕಟ್ಟಿದ ಮೇಲೆ ಒಂದು ಪಿಡಿಎಫ್ ಕಳಿಸಿದರು, ಅದನ್ನು ಓದಿ ಇಪ್ಪತ್ತು ಪ್ರಶ್ನೆಗೆ ಉತ್ತರ ಗುರುತು ಮಾಡಿದೆ, ಸರ್ಟಿಫಿಕೇಟ್ ಬಂತು." ಅವಳ ತಂದೆ ಎಪಿಎಂಸಿಯಲ್ಲಿ ಹಮಾಲಿ ಮಾಡುವವರು. ಆ 1500 ರೂಪಾಯಿಗೆ ಅವರು ಎಷ್ಟು ಚೀಲ ಹೊತ್ತಿರಬೇಕು ಎಂಬುದನ್ನು ಲೆಕ್ಕ ಹಾಕಲು ನನಗೆ ಮನಸ್ಸು ಬರಲಿಲ್ಲ. ಮುಂದೆ ಅವಳು ಬೆಂಗಳೂರಿನ ಕಂಪನಿಯೊಂದರ ಸಂದರ್ಶನಕ್ಕೆ ಹೋದಾಗ, ಆ ಇಂಟರ್ನ್‌ಶಿಪ್ ಬಗ್ಗೆ ಕೇಳಿದ ಎರಡನೆಯ ಪ್ರಶ್ನೆಗೇ ಮಾತು ನಿಂತುಹೋಯಿತಂತೆ.

ಈ ವರ್ಷ ಹಾಗಾಗಬಾರದು. ನಮ್ಮ ಮಕ್ಕಳು ದಿನಾ ಹೋಗಿ ಬರಬಹುದಾದ ದೂರದಲ್ಲಿ ನಿಜವಾದ ಕೆಲಸ ಕಲಿಯುವ ಜಾಗಗಳನ್ನು ಹುಡುಕುವುದು ಹೇಗೆ? ದೊಡ್ಡ ಕಾರ್ಖಾನೆಗಳು ನಮ್ಮಂಥ ಕಾಲೇಜಿನ ಪತ್ರಕ್ಕೆ ಬೆಲೆ ಕೊಡುತ್ತವೆಯೇ? ಹೆಣ್ಣುಮಕ್ಕಳ ಮನೆಯವರನ್ನು ಒಪ್ಪಿಸಲು ಏನು ಮಾಡಬೇಕು? ಬೆಂಗಳೂರಿನ ನೇಮಕಾತಿಗೆ ಹೋಗುವ ಮಕ್ಕಳನ್ನು ಯಾವುದರಲ್ಲಿ ಮೊದಲು ತಯಾರು ಮಾಡಬೇಕು? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ತೆರಿಗೆ ಸಲಹೆಗಾರ್ತಿ, ಗಂಗಾವತಿ

ಮೇಡಂ, ನಿಮ್ಮ ಪತ್ರದಲ್ಲಿರುವ ಹುಡುಗಿಯಂಥ ಮಕ್ಕಳೇ ಪ್ರತಿವರ್ಷ ನನ್ನ ಕಚೇರಿಗೆ ಬರುವುದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ. ನನ್ನದು ಸಣ್ಣ ಕಚೇರಿ. ಅಕ್ಕಿ ಗಿರಣಿಗಳು, ದಲಾಲಿ ಅಂಗಡಿಗಳು, ಗೊಬ್ಬರ ಮತ್ತು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತೇವೆ. ಆರು ವರ್ಷಗಳಿಂದ ವರ್ಷಕ್ಕೆ ಇಬ್ಬರು ಮೂವರು ಬಿ.ಕಾಂ. ವಿದ್ಯಾರ್ಥಿಗಳನ್ನು ಕೆಲಸ ಕಲಿಯಲು ತೆಗೆದುಕೊಳ್ಳುತ್ತಿದ್ದೇನೆ.

ಮೊದಲ ವರ್ಷ ನಾನೂ ತಪ್ಪು ಮಾಡಿದೆ. ಬಂದ ಇಬ್ಬರು ಮಕ್ಕಳಿಗೆ ಜೆರಾಕ್ಸ್ ಮಾಡಿಸುವುದು, ಕಡತ ಜೋಡಿಸುವುದು, ಬಿಲ್ಲುಗಳನ್ನು ನೋಡಿ ಟೈಪ್ ಮಾಡುವುದು ಇಷ್ಟನ್ನೇ ಕೊಟ್ಟೆ. ತಿಂಗಳ ಕೊನೆಗೆ ಒಬ್ಬಳ ತಾಯಿ ಕಚೇರಿಗೆ ಬಂದು, ನಮ್ಮ ಹುಡುಗಿ ಇಲ್ಲಿ ಏನು ಕಲಿತಳು ಎಂದು ಬಹಳ ವಿನಯದಿಂದ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಕ್ರಮ ಬದಲಿಸಿದೆ. ಈಗ ಪ್ರತಿಯೊಬ್ಬರಿಗೂ ಒಬ್ಬ ವ್ಯಾಪಾರಿಯ ಒಂದು ತಿಂಗಳ ಲೆಕ್ಕವನ್ನು ಪೂರ್ತಿಯಾಗಿ ಒಪ್ಪಿಸುತ್ತೇನೆ. ಅಂಗಡಿಯಿಂದ ಬರುವ ಬಿಲ್ಲಿನ ಕಟ್ಟಿನಿಂದ ಹಿಡಿದು ರಿಟರ್ನ್ ಸಲ್ಲಿಕೆಯವರೆಗೆ ಅದು ಅವರದೇ ಕೆಲಸ. ನಾನು ಪ್ರತಿ ಹಂತದಲ್ಲೂ ನೋಡಿ ತಿದ್ದುತ್ತೇನೆ, ಕೊನೆಯ ಗುಂಡಿಯನ್ನು ಮಾತ್ರ ನಾನು ಒತ್ತುತ್ತೇನೆ. ತಿಂಗಳ ರಿಟರ್ನ್ ಸಲ್ಲಿಸುವವರಿಗೆ 11ನೇ ತಾರೀಖಿನೊಳಗೆ ಮಾರಾಟದ ವಿವರವಾದ ಜಿಎಸ್‌ಟಿಆರ್-1 ಹೋಗಬೇಕು, 14ಕ್ಕೆ ಖರೀದಿಯ ವಿವರವಿರುವ 2ಬಿ ತಯಾರಾಗುತ್ತದೆ, 20ರೊಳಗೆ ಒಟ್ಟು ಲೆಕ್ಕದ ರಿಟರ್ನ್ ಆದ 3ಬಿ ಸಲ್ಲಿಸಿ ತೆರಿಗೆ ಕಟ್ಟಬೇಕು. ಈ ಮೂರು ತಾರೀಖುಗಳ ನಡುವೆ ಮಗು ತಾನಾಗಿ ಕಲಿಯುವುದು ತರಗತಿಯ ಒಂದು ಸೆಮಿಸ್ಟರ್‌ಗೆ ಸಮ ಎಂದು ನಾನು ನಿಜವಾಗಿ ನಂಬಿದ್ದೇನೆ.

ಒಂದು ಉದಾಹರಣೆ ಹೇಳುತ್ತೇನೆ. ಕಳೆದ ವರ್ಷ ಕಾರಟಗಿಯ ಕಡೆಯ ಹುಡುಗಿಯೊಬ್ಬಳು ಬಿಡಿಭಾಗಗಳ ಅಂಗಡಿಯೊಂದರ ಖರೀದಿ ಬಿಲ್ಲುಗಳನ್ನು 2ಬಿ ಜೊತೆ ತಾಳೆ ನೋಡುತ್ತಿದ್ದಳು. ಹುಬ್ಬಳ್ಳಿಯ ಸಗಟು ವ್ಯಾಪಾರಿಯ ಒಂದು ಬಿಲ್ಲು 2ಬಿಯಲ್ಲಿ ಕಾಣಲಿಲ್ಲ. ಬಿಲ್ಲು ಕೈಯಲ್ಲಿದೆ, ಸರಕು ಅಂಗಡಿಯಲ್ಲಿದೆ, ಹಣವೂ ಸಂದಾಯವಾಗಿದೆ. ಆದರೆ 2ಬಿಯಲ್ಲಿ ಬಾರದೆ ಅಂಗಡಿಯವರಿಗೆ ಆ ತೆರಿಗೆಯ ಹೂಡುವಳಿ ಜಮೆ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ನಾನೇ ಫೋನ್ ಮಾಡಬಹುದಿತ್ತು, ಬೇಕೆಂದೇ ಅವಳ ಕೈಯಲ್ಲಿ ಮಾಡಿಸಿದೆ. ಮೊದಲ ಸಲ ಧ್ವನಿ ನಡುಗಿತು. ಎರಡನೆಯ ಸಲ ಬಿಲ್ಲಿನ ಸಂಖ್ಯೆ, ತಾರೀಖು, ಮೊತ್ತ ಎಲ್ಲವನ್ನೂ ಕಾಗದದ ಮೇಲೆ ಬರೆದಿಟ್ಟುಕೊಂಡು ಮಾತಾಡಿದಳು. ಅಲ್ಲಿನ ಗುಮಾಸ್ತರು ಆ ಬಿಲ್ಲನ್ನು ಬೇರೆ ಗಿರಾಕಿಯ ಜಿಎಸ್‌ಟಿ ಸಂಖ್ಯೆಗೆ ನಮೂದಿಸಿದ್ದರು. ಮುಂದಿನ ತಿಂಗಳ ರಿಟರ್ನ್‌ನಲ್ಲಿ ಅದು ಸರಿಯಾಯಿತು. ಆ ಹುಡುಗಿ ಈಗ ಹೊಸಪೇಟೆಯ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಸಂದರ್ಶನದಲ್ಲಿ ಈ ಒಂದು ಬಿಲ್ಲಿನ ಕಥೆಯನ್ನೇ ಹೇಳಿದೆ ಎಂದು ಫೋನ್ ಮಾಡಿ ತಿಳಿಸಿದಳು.

ನಮ್ಮ ಭಾಗದ ವ್ಯಾಪಾರದಲ್ಲೇ ಇಂಥ ಪಾಠಗಳು ತುಂಬಿವೆ. ಅಕ್ಕಿಯ ಚೀಲವನ್ನೇ ತೆಗೆದುಕೊಳ್ಳಿ. 2022ರ ಜುಲೈ 18ರಿಂದ, ಲೇಬಲ್ ಹಾಕಿ ಮೊದಲೇ ತುಂಬಿಟ್ಟ 25 ಕೆ.ಜಿ.ವರೆಗಿನ ಅಕ್ಕಿ ಚೀಲಕ್ಕೆ ಶೇ. 5 ಜಿಎಸ್‌ಟಿ ಇದೆ, ಅದಕ್ಕಿಂತ ಹೆಚ್ಚು ತೂಕದ ಚೀಲಕ್ಕೆ ಇಲ್ಲ. ಪೇಟೆಯಲ್ಲಿ 26 ಕೆ.ಜಿ. ಚೀಲ ಏಕೆ ಕಾಣಿಸಿಕೊಂಡಿತು ಎಂದು ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಗಿರಣಿಯಲ್ಲಿ ಒಂದು ವಾರ ಕುಳಿತ ಮಗು ಥಟ್ಟನೆ ಹೇಳುತ್ತದೆ. ಎರಡು ಬಗೆಯ ಚೀಲವನ್ನೂ ಮಾರುವ ಗಿರಣಿಯವರು ತಮ್ಮ ಹೂಡುವಳಿ ಜಮೆಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬ ಮುಂದಿನ ಪ್ರಶ್ನೆಯನ್ನೂ ತಾನೇ ಎತ್ತುತ್ತದೆ.

ಜಾಗ ಹುಡುಕುವ ಬಗ್ಗೆ ಒಂದು ಮಾತು. ಗಿರಣಿ ಮಾಲೀಕರ ಬಳಿ, ಜಿನ್ನಿಂಗ್ ಮಿಲ್ಲಿನವರ ಬಳಿ ಬರೀ "ಇಂಟರ್ನ್‌ಶಿಪ್ ಕೊಡಿ" ಎಂದರೆ, ಇದೇನೋ ಸರ್ಕಾರದ ಕಟ್ಟುಪಾಡು ಇರಬೇಕು ಎಂದು ಹಿಂಜರಿಯುತ್ತಾರೆ. "ನಮ್ಮ ಇಬ್ಬರು ವಿದ್ಯಾರ್ಥಿಗಳು ಮೂವತ್ತು ದಿನ ನಿಮ್ಮ ಲೆಕ್ಕದವರ ಪಕ್ಕದಲ್ಲಿ ಕುಳಿತು ತೂಕದ ಚೀಟಿ, ಖರೀದಿ ಪುಸ್ತಕ ಮತ್ತು ಟ್ಯಾಲಿಯಲ್ಲಿ ವೋಚರ್ ನಮೂದು ಕಲಿಯುತ್ತಾರೆ" ಎಂದು ಹೇಳಿದರೆ ತಕ್ಷಣ ಅರ್ಥವಾಗುತ್ತದೆ. ಭತ್ತದ ಆವಕ ಜೋರಾಗಿರುವ ಮೊದಲ ಎರಡು ವಾರ ಮಾತ್ರ ಅವರನ್ನು ಕೇಳಲು ಹೋಗಬೇಡಿ, ಆಗ ಯಾರಿಗೂ ತಲೆಯೆತ್ತಲು ಪುರುಸೊತ್ತು ಇರುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ, ಮನೆಯವರ ಭಯವನ್ನು ಹಗುರವಾಗಿ ಕಾಣಬಾರದು ಎಂಬುದು ನನ್ನ ಅಭಿಪ್ರಾಯ. ನೀವೇ ಒಮ್ಮೆ ಆ ಜಾಗಕ್ಕೆ ಹೋಗಿ, ಕೂರುವ ಸ್ಥಳ ಎಲ್ಲಿದೆ, ಶೌಚಾಲಯವಿದೆಯೇ, ಬೇರೆ ಹೆಂಗಸರು ಕೆಲಸಕ್ಕಿದ್ದಾರೆಯೇ, ಸಂಜೆ ಎಷ್ಟು ಗಂಟೆಗೆ ಬಿಡುತ್ತಾರೆ ಎಂದು ಕಣ್ಣಾರೆ ನೋಡಿ ಬನ್ನಿ. ಒಬ್ಬಳನ್ನೇ ಕಳಿಸಬೇಡಿ, ಇಬ್ಬರನ್ನು ಜೊತೆಯಾಗಿ ಕಳಿಸಿ. ನಾನು ಮೊದಲ ದಿನವೇ ತಾಯಂದಿರಿಗೆ ಫೋನ್ ಮಾಡಿ ಮಾತಾಡುತ್ತೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಪ್ರಯಾಣ ಉಚಿತವಾಗಿರುವುದರಿಂದ ಸಿಂಧನೂರಿನಿಂದ ಇಲ್ಲಿಗೆ ಓಡಾಡುವ ಖರ್ಚಿನ ಮಾತು ಈಗ ಬರುವುದಿಲ್ಲ. ಮನೆಯವರಿಗೆ ಬೇಕಾಗಿರುವುದು ನೋಡಿದವರೊಬ್ಬರ ಭರವಸೆ.

ಉತ್ತರ: ತರಬೇತಿ ವಿಭಾಗದ ಅಧಿಕಾರಿ, ಸಂಡೂರು ತಾಲ್ಲೂಕು

ದೊಡ್ಡ ಕಾರ್ಖಾನೆಗಳ ಬಗ್ಗೆ ಕೇಳಿದ್ದೀರಿ. ನಾನು ಬಳ್ಳಾರಿ ಜಿಲ್ಲೆಯ ಉಕ್ಕಿನ ಉದ್ಯಮದಲ್ಲಿ ತರಬೇತಿಯ ಕೆಲಸ ನೋಡಿಕೊಳ್ಳುತ್ತೇನೆ. ಕಾಲೇಜು ಯಾವ ಊರಿನದು ಎಂಬ ಕಾರಣಕ್ಕೆ ನಾನು ಯಾವ ಪತ್ರವನ್ನೂ ಬದಿಗಿಟ್ಟಿಲ್ಲ. ಬದಿಗಿಟ್ಟವು ಬೇರೆ ಬಗೆಯವು: ಮೂವತ್ತು ಹೆಸರುಗಳ ಪಟ್ಟಿ ಲಗತ್ತಿಸಿ "ಸೂಕ್ತ ತರಬೇತಿ ನೀಡಬೇಕಾಗಿ ಕೋರಿಕೆ" ಎಂದು ಮುಗಿಸಿದ ಪತ್ರಗಳು. ಯಾರಿಗೆ, ಯಾವ ವಿಭಾಗದಲ್ಲಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂಬುದು ಅದರಲ್ಲಿ ಇರುವುದಿಲ್ಲ. ಅದರ ಬದಲು ನಾಲ್ಕೇ ಜನರಿಗೆ, ಪ್ರಾಂಶುಪಾಲರ ಸಹಿಯೊಂದಿಗೆ, ಅವರು ಈಗಾಗಲೇ ಓದಿರುವ ವಿಷಯಗಳನ್ನು ಎರಡು ಸಾಲಿನಲ್ಲಿ ತಿಳಿಸಿ, ಎರಡು ಮೂರು ತಿಂಗಳು ಮೊದಲೇ ಕಳಿಸಿ. ಆಧಾರ್ ಪ್ರತಿ, ವ್ಯಾಸಂಗ ಪ್ರಮಾಣಪತ್ರ, ಭಾವಚಿತ್ರ, ಅಪಘಾತ ವಿಮೆ, ಸುರಕ್ಷತಾ ಬೂಟು ಇವುಗಳನ್ನು ಮೊದಲೇ ಸಿದ್ಧಮಾಡಿಸಿ. ಸುರಕ್ಷತಾ ತರಬೇತಿ ಮುಗಿಯದೆ ಯಾರನ್ನೂ ಗೇಟಿನಿಂದ ಒಳಗೆ ಬಿಡುವುದಿಲ್ಲ, ಬೂಟಿಲ್ಲದ ಕಾರಣಕ್ಕೆ ಮೊದಲ ದಿನವನ್ನು ಕಳೆದುಕೊಂಡ ವಿದ್ಯಾರ್ಥಿಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ತೋರಣಗಲ್ಲಿನ ಉಕ್ಕು, ಗಿಣಿಗೇರಾ ಮತ್ತು ಬೇವಿನಹಳ್ಳಿಯ ಕಬ್ಬಿಣ, ಶಕ್ತಿನಗರ ಮತ್ತು ಕುಡಿತಿನಿಯ ಶಾಖೋತ್ಪನ್ನ ಕೇಂದ್ರಗಳು, ಹಟ್ಟಿಯ ಚಿನ್ನದ ಗಣಿ ಇವೆಲ್ಲ ಎಂಜಿನಿಯರಿಂಗ್ ಮಕ್ಕಳಿಗೆ ಮಾತ್ರ ಎಂಬ ಭಾವನೆ ನಮ್ಮ ಜಿಲ್ಲೆಗಳಲ್ಲಿ ಗಟ್ಟಿಯಾಗಿದೆ. ನಿಮ್ಮ ಬಿ.ಎಸ್‌ಸಿ. ರಸಾಯನಶಾಸ್ತ್ರದ ಮಕ್ಕಳನ್ನು ದಯವಿಟ್ಟು ಮರೆಯಬೇಡಿ. ಕಬ್ಬಿಣದ ಅದಿರಿನ ಮಾದರಿಯನ್ನು ಕುಟ್ಟಿ, ಪುಡಿಮಾಡಿ, ಆಮ್ಲದಲ್ಲಿ ಕರಗಿಸಿ, ಪೊಟ್ಯಾಷಿಯಂ ಡೈಕ್ರೋಮೇಟ್‌ನಿಂದ ಟೈಟ್ರೇಷನ್ ಮಾಡಿ ಕಬ್ಬಿಣದ ಅಂಶ ಕಂಡುಹಿಡಿಯುವುದು ಇಂದಿಗೂ ಪ್ರಯೋಗಾಲಯದ ಆಧಾರ ವಿಧಾನ. ಎಕ್ಸ್-ಕಿರಣದಿಂದ ಅಂಶಗಳನ್ನು ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರ ಕೆಲವೇ ನಿಮಿಷಗಳಲ್ಲಿ ಅಂಕಿ ಕೊಟ್ಟರೂ ಆ ಯಂತ್ರ ಸರಿಯಿದೆಯೇ ಎಂದು ಪರೀಕ್ಷಿಸಲು ಈ ವಿಧಾನ ಬೇಕು. ಇದೇ ಟೈಟ್ರೇಷನ್ ಅವರ ಪ್ರಾಯೋಗಿಕ ಪರೀಕ್ಷೆಯಲ್ಲೂ ಇರುತ್ತದೆ. ಕಾಲೇಜಿನ ಬ್ಯೂರೆಟ್ ಹಿಡಿದ ಕೈಗೂ ಕಾರ್ಖಾನೆಯ ಬ್ಯೂರೆಟ್ ಹಿಡಿಯುವ ಕೈಗೂ ವ್ಯತ್ಯಾಸವಿಲ್ಲ. ಕಾರ್ಖಾನೆಯಲ್ಲಿ ಒಂದು ಅಂಕಿಯ ತಪ್ಪಿಗೆ ರೈಲಿನ ಒಂದು ರೇಕ್ ಅದಿರಿನ ಬೆಲೆಯೇ ಬದಲಾಗುತ್ತದೆ ಎಂಬ ಅರಿವು ಮಾತ್ರ ಹೊಸದು.

ಪದವಿ ಮುಗಿದ ಮೇಲಿನ ದಾರಿಯನ್ನೂ ಈಗಲೇ ತಿಳಿಸಿಡಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ, 30 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು, ಅಂದರೆ ಭತ್ಯೆ ಪಡೆದು ಕೆಲಸ ಕಲಿಯುವವರನ್ನು, ತೆಗೆದುಕೊಳ್ಳುವುದು ಕಡ್ಡಾಯ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯ ನ್ಯಾಟ್ಸ್ ಪೋರ್ಟಲ್‌ನಲ್ಲಿ ಬಿ.ಕಾಂ., ಬಿ.ಎಸ್‌ಸಿ. ಪದವೀಧರರೂ ಹೆಸರು ನೋಂದಾಯಿಸಬಹುದು. 2019ರಲ್ಲಿ ತಿದ್ದುಪಡಿಯಾದ ನಿಯಮಗಳು ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9000 ರೂಪಾಯಿ ಭತ್ಯೆ ನಿಗದಿಪಡಿಸಿದವು. 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯು 21ರಿಂದ 24 ವರ್ಷದೊಳಗಿನವರಿಗೆ ಒಂದು ವರ್ಷದ ಅವಧಿಗೆ ಆಗ ರೂಪಿಸಿದ್ದು. ಆರಂಭದ ನಿಯಮದಲ್ಲಿ ಅದು ಪೂರ್ಣಾವಧಿ ಓದುತ್ತಿರುವವರಿಗೆ ಇರಲಿಲ್ಲ ಎಂಬುದನ್ನು ಮಕ್ಕಳಿಗೆ ಸ್ಪಷ್ಟಪಡಿಸಿ. ಈ ಯಾವುದಕ್ಕೂ ವಿದ್ಯಾರ್ಥಿ ಅರ್ಜಿ ಶುಲ್ಕ ಕಟ್ಟಬೇಕಾಗಿಲ್ಲ. ಹಣ ಕೇಳಿದವರನ್ನು ಅಲ್ಲಿಗೇ ಬಿಡಬೇಕು.

ಪ್ರಶ್ನೆ ಕೇಳಿದವರು: ವಾಣಿಜ್ಯ ಉಪನ್ಯಾಸಕಿ, ಸಿಂಧನೂರು

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಡೈಕ್ರೋಮೇಟ್ ಟೈಟ್ರೇಷನ್ ವಿಷಯವನ್ನು ನಮ್ಮ ರಸಾಯನಶಾಸ್ತ್ರದ ಸರ್‌ಗೆ ಓದಿ ಹೇಳಿದೆ, ನಾಲ್ವರ ಹೆಸರನ್ನು ಅವರು ಅಲ್ಲೇ ಬರೆದುಕೊಟ್ಟರು. ಒಂದು ಸಂದೇಹ ಉಳಿದಿದೆ. ನಮ್ಮ ಕೆಲವು ಮಕ್ಕಳು ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇರುವುದರಿಂದ ಬೇರೆ ತಯಾರಿ ಬೇಡ ಎಂದುಕೊಂಡಿದ್ದಾರೆ. ಬಿ.ಸಿ.ಎ. ಮಕ್ಕಳ ಬಗ್ಗೆಯೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಸಾಫ್ಟ್‌ವೇರ್ ಉದ್ಯೋಗಿ, ಮೂಲ ಕುಷ್ಟಗಿ ತಾಲ್ಲೂಕು

ಮೇಡಂ, ನಮಸ್ಕಾರ. 371(ಜೆ) ನಮಗೆ ಬಹಳ ದೊಡ್ಡ ಆಸರೆ; ಆದರೆ ಅದು ರಾಜ್ಯ ಸರ್ಕಾರದ ಹುದ್ದೆಗಳಿಗೆ ಮತ್ತು ಶಿಕ್ಷಣ ಸಂಸ್ಥೆಗಳ ಪ್ರವೇಶಕ್ಕೆ ಸಂಬಂಧಿಸಿದ್ದು, ಖಾಸಗಿ ಕಂಪನಿಯ ನೇಮಕಾತಿಗೆ ಅನ್ವಯಿಸುವುದಿಲ್ಲ. ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಈಗಲೇ ಪಡೆದಿಟ್ಟುಕೊಳ್ಳಲಿ, ಉಳಿದ ತಯಾರಿಯನ್ನು ನಿಲ್ಲಿಸದಿರಲಿ.

ಬಿ.ಸಿ.ಎ. ಮಕ್ಕಳ ಬಗ್ಗೆ ನನ್ನ ಅನುಭವವನ್ನೇ ಬರೆಯುತ್ತೇನೆ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಕೊನೆಯ ವರ್ಷದ ಪ್ರಾಜೆಕ್ಟ್ ಅನ್ನು ಎಲ್ಲರಂತೆ ಹಣ ಕೊಟ್ಟು ತಂದೆ. ಆಸ್ಪತ್ರೆಯೊಂದರ ನಿರ್ವಹಣೆಗೆ ಯಾರೋ ಬರೆದಿದ್ದ ತಂತ್ರಾಂಶ. ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ರಾತ್ರಿಯೆಲ್ಲ ಕುಳಿತೇ ಪ್ರಯಾಣ ಮಾಡಿ, ಬೆಂಗಳೂರಿನ ನಿಲ್ದಾಣದಲ್ಲಿ ಮುಖ ತೊಳೆದು ಮೊದಲ ಸಂದರ್ಶನಕ್ಕೆ ಹೋದೆ. ಆಪ್ಟಿಟ್ಯೂಡ್ ಪರೀಕ್ಷೆಯಲ್ಲಿ ಪಾಸಾಗಿದ್ದೆ. ಸಂದರ್ಶನ ಮಾಡುವವರು ನನ್ನ ಪ್ರಾಜೆಕ್ಟ್‌ನ ಒಂದು ಕೋಷ್ಟಕವನ್ನು ತೋರಿಸಿ, ಇದರಲ್ಲಿ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಪ್ರೈಮರಿ ಕೀ ಯಾವುದು, ಅದನ್ನೇ ಏಕೆ ಆರಿಸಿದಿರಿ ಎಂದರು. ನಾನು ಆರಿಸಿರಲೇ ಇಲ್ಲ. ಅವರು ಸಿಟ್ಟಾಗಲಿಲ್ಲ, ಮುಂದಿನ ಪ್ರಶ್ನೆಯನ್ನೂ ಕೇಳಲಿಲ್ಲ.

ಊರಿಗೆ ಬಂದ ಮೇಲೆ ನಮ್ಮ ಮಾವನ ಬೀಜ ಗೊಬ್ಬರದ ಅಂಗಡಿಯಲ್ಲಿ ಕುಳಿತೆ. ಅಲ್ಲಿ ಉದ್ರಿ ಲೆಕ್ಕವೆಲ್ಲ ಕೆಂಪು ರಟ್ಟಿನ ಪುಸ್ತಕದಲ್ಲಿತ್ತು. ರೈತರು ಬಿತ್ತನೆಗೆ ಒಯ್ದದ್ದನ್ನು ಸುಗ್ಗಿಗೆ ತೀರಿಸುತ್ತಿದ್ದರು, ನಡುವೆ ಒಂದೊಂದು ಸಲ ಲೆಕ್ಕ ತಪ್ಪಿ ಮನಸ್ತಾಪವಾಗುತ್ತಿತ್ತು. ಆ ಪುಸ್ತಕವನ್ನೇ ಕಂಪ್ಯೂಟರಿಗೆ ತರುವ ಸಣ್ಣ ಪ್ರೋಗ್ರಾಂ ಬರೆಯಲು ಕುಳಿತೆ. ಮೊದಲ ದಿನವೇ ಸಮಸ್ಯೆ ಎದುರಾಯಿತು. ಒಂದೇ ಊರಿನಲ್ಲಿ ಶರಣಪ್ಪ ಎಂಬ ಹೆಸರಿನವರು ಐವರಿದ್ದರು, ಅವರಲ್ಲಿ ಇಬ್ಬರ ತಂದೆಯ ಹೆಸರೂ ಒಂದೇ. ಮೊಬೈಲ್ ಸಂಖ್ಯೆಯನ್ನು ಗುರುತಾಗಿ ಇಡೋಣವೆಂದರೆ ಅಣ್ಣತಮ್ಮಂದಿರು ಒಂದೇ ಸಂಖ್ಯೆ ಕೊಟ್ಟಿದ್ದರು, ಕೆಲವರು ವರ್ಷಕ್ಕೊಮ್ಮೆ ಸಂಖ್ಯೆ ಬದಲಿಸುತ್ತಿದ್ದರು. ಕೊನೆಗೆ ಪ್ರತಿಯೊಬ್ಬ ರೈತರಿಗೂ ಅಂಗಡಿಯದೇ ಒಂದು ಖಾತೆ ಸಂಖ್ಯೆ ಕೊಟ್ಟು, ಅದನ್ನು ಅವರ ಚೀಟಿಯ ಮೇಲೆ ಬರೆದುಕೊಡುವ ಪದ್ಧತಿ ಮಾಡಿದೆ. ಹೆಸರು, ಊರು, ತಂದೆಯ ಹೆಸರು ಹುಡುಕಲು ಮಾತ್ರ ಬಳಕೆಯಾದವು. ಪ್ರೈಮರಿ ಕೀ ಎಂದರೇನು ಎಂಬುದು ನನಗೆ ತಿಳಿದದ್ದು ಆ ಅಂಗಡಿಯ ಗಲ್ಲೆಯ ಪಕ್ಕದಲ್ಲಿ.

ಮುಂದಿನ ಸಂದರ್ಶನದಲ್ಲಿ ಇಪ್ಪತ್ತು ನಿಮಿಷ ಈ ಐದು ಶರಣಪ್ಪಂದಿರ ಬಗ್ಗೆಯೇ ಮಾತು ನಡೆಯಿತು. ನನ್ನ ಇಂಗ್ಲಿಷ್ ಹಿಂದಿನಷ್ಟೇ ಇತ್ತು. ಆದರೆ ಬಾಯಿಪಾಠ ಮಾಡಿದ ಪರಿಚಯದ ಸಾಲುಗಳನ್ನು ಹೇಳುವಾಗ ಇದ್ದ ತಡವರಿಕೆ, ಮಾಡಿದ ಕೆಲಸವನ್ನು ಹೇಳುವಾಗ ಇರಲಿಲ್ಲ, ಏಕೆಂದರೆ ಮುಂದೇನು ಹೇಳಬೇಕೆಂಬುದು ನನಗೆ ಗೊತ್ತಿತ್ತು. ಆದ್ದರಿಂದ ನಿಮ್ಮ ಮಕ್ಕಳಿಗೆ ವಾರಕ್ಕೊಮ್ಮೆ ಹತ್ತು ನಿಮಿಷ ಕೊಟ್ಟು, ಆ ವಾರ ಮಾಡಿದ ಒಂದು ಕೆಲಸವನ್ನು ಮೊದಲು ಕನ್ನಡದಲ್ಲಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ತರಗತಿಯ ಮುಂದೆ ಹೇಳಿಸಿ. ಕೇಳುವವರು ಕಡ್ಡಾಯವಾಗಿ ಎರಡು ಪ್ರಶ್ನೆ ಕೇಳಲಿ. ನಾನು ಕಂಡ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ಆನ್‌ಲೈನ್ ಎಂಬ ಮಾತನ್ನೇ ಪೂರ್ತಿ ದೂರವಿಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಕೇಂದ್ರ ಸರ್ಕಾರದ 'ಸ್ವಯಂ' ಎಂಬ ಕಲಿಕಾ ಜಾಲತಾಣದಲ್ಲಿ ಡೇಟಾಬೇಸ್ ಮತ್ತು ಪ್ರೋಗ್ರಾಮಿಂಗ್ ಪಾಠಗಳು ಉಚಿತವಾಗಿವೆ, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಶುಲ್ಕ ಕಟ್ಟುತ್ತಾರೆ. ಆಪ್ಟಿಟ್ಯೂಡ್‌ಗೆ ಶೇಕಡಾವಾರು, ಅನುಪಾತ, ಕಾಲ ಮತ್ತು ದೂರದ ಲೆಕ್ಕಗಳನ್ನು ಗಡಿಯಾರ ಎದುರಿಗಿಟ್ಟುಕೊಂಡು ಆರು ತಿಂಗಳು ಮಾಡಿಸಿದರೆ ಸಾಕು. ಬೆಂಗಳೂರಿಗೆ ಕಳಿಸುವಾಗ ಮಾತ್ರ ದಯವಿಟ್ಟು ಹಿಂದಿನ ದಿನವೇ ತಲುಪುವಂತೆ, ನಾಲ್ಕೈದು ಜನ ಒಟ್ಟಾಗಿ ಹೋಗುವಂತೆ ವ್ಯವಸ್ಥೆ ಮಾಡಿ. ನಿದ್ದೆಗೆಟ್ಟ ಕಣ್ಣಲ್ಲಿ ಸಂದರ್ಶನ ಕೊಡುವ ಕಷ್ಟ ನಮ್ಮ ಕಡೆಯ ಮಕ್ಕಳಿಗೆ ಚೆನ್ನಾಗಿ ಗೊತ್ತು. ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಇಲ್ಲಿ ಇದ್ದೇ ಇರುತ್ತಾರೆ, ಕೇಳಿದರೆ ಒಂದು ರಾತ್ರಿಗೆ ಕೋಣೆ ಬಿಟ್ಟುಕೊಡದವರು ಕಡಿಮೆ.

ಪ್ರಶ್ನೆ ಕೇಳಿದವರು: ವಾಣಿಜ್ಯ ಉಪನ್ಯಾಸಕಿ, ಸಿಂಧನೂರು

ಈ ಉತ್ತರಗಳನ್ನು ಮುದ್ರಿಸಿ ಸಿಬ್ಬಂದಿ ಕೊಠಡಿಯ ಫಲಕಕ್ಕೆ ಹಚ್ಚಿದ್ದೇನೆ. ಕಳೆದ ವಾರ ಎರಡು ಅಕ್ಕಿ ಗಿರಣಿಗಳಿಗೆ ಮತ್ತು ಒಂದು ಗೊಬ್ಬರದ ಅಂಗಡಿಗೆ ನಾನೇ ಹೋಗಿ ಬಂದೆ. ನೀವು ಹೇಳಿದಂತೆ ಇಂಟರ್ನ್‌ಶಿಪ್ ಎಂಬ ಮಾತಿನಿಂದ ಆರಂಭಿಸದೆ ಮೂವತ್ತು ದಿನ, ಇಬ್ಬರು, ಇಂಥ ಕೆಲಸ ಎಂದೇ ಕೇಳಿದೆ. ಒಂದು ಗಿರಣಿಯವರು ಒಪ್ಪಿದರು. ಇನ್ನೊಬ್ಬರು ತಮ್ಮಲ್ಲಿ ಹೆಣ್ಣುಮಕ್ಕಳಿಗೆ ಕೂರುವ ಅನುಕೂಲವಿಲ್ಲ, ಹುಡುಗರನ್ನು ಕಳಿಸಿ ಎಂದು ಪ್ರಾಮಾಣಿಕವಾಗಿ ಹೇಳಿದರು. ಗೊಬ್ಬರದ ಅಂಗಡಿಯವರು ಯೋಚಿಸಿ ತಿಳಿಸುತ್ತಾರೆ. ಗಂಗಾವತಿಯ ಮೇಡಂ ಅವರಲ್ಲಿ ಒಂದು ವಿನಂತಿ. ನಾನು ಮೊದಲು ಬರೆದಿದ್ದ ಹುಡುಗಿ ಪದವಿ ಮುಗಿಸಿದ್ದರೂ ಮನೆಯಲ್ಲೇ ಇದ್ದಾಳೆ. ಈ ವರ್ಷದ ಇಬ್ಬರ ಜೊತೆ ಅವಳನ್ನೂ ಒಂದು ತಿಂಗಳು ಸೇರಿಸಿಕೊಳ್ಳಲು ಸಾಧ್ಯವೇ?

ಉತ್ತರ: ತೆರಿಗೆ ಸಲಹೆಗಾರ್ತಿ, ಗಂಗಾವತಿ

ಖಂಡಿತ ಕಳಿಸಿ ಮೇಡಂ. ಮೂವರೂ ಒಂದನೇ ತಾರೀಖಿಗೇ ಬಂದರೆ ಆ ತಿಂಗಳ ಜಿಎಸ್‌ಟಿಆರ್-1 ಮೊದಲ ಬಿಲ್ಲಿನಿಂದಲೇ ಅವರ ಕೈಯಲ್ಲಿ ತಯಾರಾಗುತ್ತದೆ. ಒಬ್ಬೊಬ್ಬರೂ ಒಂದೊಂದು ದಪ್ಪ ನೋಟ್‌ಬುಕ್ ತರಲಿ, ಊಟದ ಡಬ್ಬಿ ತರಲಿ. ಆ ಹುಡುಗಿಯ ತಾಯಿಯ ಫೋನ್ ಸಂಖ್ಯೆಯನ್ನು ನನಗೆ ಪ್ರತ್ಯೇಕವಾಗಿ ಕಳಿಸಿ, ನಾನೇ ಇಂದು ಸಂಜೆ ಮಾತಾಡುತ್ತೇನೆ.